ಹಗ್ಗ ಹಿಡಿದವರು ಎಳೆಯಲಿಲ್ಲ

ನಾನು ನಿಂತಿದ್ದದ್ದು ನೀರಿಗಿಂತ ಮೂರು ಮೆಟ್ಟಿಲು ಮೇಲೆ, ಎಡಗಡೆಯ ಗೋಡೆಗೆ ಒತ್ತಿಕೊಂಡು. ಬಾವಿ ನಮ್ಮದೇ. ಮಾದಿಹಳ್ಳಿಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಸ್ವಲ್ಪ ನಡೆದರೆ ಸಿಗುವ ತೆಂಗಿನ ತೋಟದಲ್ಲಿದೆ. ೧೯೯೯ರ ಮೇ ತಿಂಗಳ ಒಂದು ಭಾನುವಾರ. ಬೆಳಗಿನ ಹತ್ತೂವರೆ. ಬಿಸಿಲು ಎದುರಿನ ಗೋಡೆಯ ಅರ್ಧದವರೆಗೆ ಇಳಿದಿತ್ತು. ನೀರನ್ನು ಇನ್ನೂ ಮುಟ್ಟಿರಲಿಲ್ಲ.

ನನ್ನ ಹೆಂಡತಿ ಸುಜಾತ ಆ ನೀರಿನ ನಡುವೆ ಇದ್ದಳು. ಮರುಕ್ಷಣ ಇರಲಿಲ್ಲ.

ಇಷ್ಟು ಖಚಿತವಾಗಿ ಏಕೆ ಹೇಳುತ್ತಿದ್ದೇನೆ? ಕಾರಣವಿದೆ. ಕಳೆದ ವಾರ ಅರಸೀಕೆರೆಯಲ್ಲಿ ನಮ್ಮ ಕಚೇರಿಯವರಿಗೆಲ್ಲ ಒಂದು ದಿನದ ಟ್ರೈನಿಂಗ್ ಇತ್ತು. ಒತ್ತಡವನ್ನು ಗೆಳೆಯನನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬುದು ವಿಷಯ. ಬೆಂಗಳೂರಿನಿಂದ ಬಂದಿದ್ದವರು ಪ್ರೊಜೆಕ್ಟರ್ ಹಚ್ಚಿ, ಒಂದು ರಬ್ಬರ್ ಬ್ಯಾಂಡನ್ನು ಎಳೆದು ತೋರಿಸಿ, ಎಲ್ಲ ಒತ್ತಡವೂ ಕೆಟ್ಟದ್ದಲ್ಲ, ಹಿತವಾದ ಒತ್ತಡ ಮನುಷ್ಯನನ್ನು ಬೆಳೆಸುತ್ತದೆ ಎಂದರು. (ರಬ್ಬರ್ ಬ್ಯಾಂಡು ಆಮೇಲೆ ಕಿತ್ತುಹೋಯಿತು. ಅದನ್ನು ಯಾರೂ ಚರ್ಚಿಸಲಿಲ್ಲ.) ನಿಮ್ಮ ಅನುಭವದಿಂದ ಒಂದು ಉದಾಹರಣೆ ಕೊಡಿ ಎಂದಾಗ ಹಿಂದಿನ ಸಾಲಿನ ಸಹೋದ್ಯೋಗಿಯೊಬ್ಬರು ನನ್ನ ಕಡೆ ಕೈ ತೋರಿಸಿದರು.

“ಇವ್ರ ಮನೆಯವರು ಬಾವಿಗೆ ಬಿದ್ದಿದ್ರಲ್ಲ ಸಾರ್. ಇವ್ರನ್ನ ಕೇಳಿ.”

ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಮ್ಮ ಕಡೆ ಹೆಂಗಸು, ಬಾವಿ ಎಂಬ ಎರಡು ಪದ ಒಂದೇ ವಾಕ್ಯದಲ್ಲಿ ಬಂದರೆ ಜನ ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ಪಕ್ಕದವರು ನನ್ನ ಭುಜ ತಟ್ಟಿದರು. ಟೀ ಬಿಡುವಿನಲ್ಲಿ ಒಬ್ಬರು ಮೆಲ್ಲಗೆ, “ಈಗ ಹೆಂಗವ್ರೆ?” ಎಂದು ವಿಚಾರಿಸಿದರು.

ಚೆನ್ನಾಗಿದ್ದಾಳೆ. ಅವಳು ಬೀಳಲಿಲ್ಲ. ತಾನಾಗಿ ಇಳಿದಳು. ನಾನು ಕಣ್ಣಾರೆ ಕಂಡಿದ್ದೇನೆ. ಏಳು ವರ್ಷ ಯಾರೂ ಕೇಳಲಿಲ್ಲವೆಂದು ಸುಮ್ಮನಿದ್ದೆ. ಈಗ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಸುಜಾತ ಹಳೇಬೀಡಿನ ಕಡೆಯ ಶಾಲೆಯೊಂದರಲ್ಲಿ ಟೀಚರ್. ಅವಳ ತವರು ಗೆಂಡೆಹಳ್ಳಿಯ ಹತ್ತಿರ. ಅವಳಿಗೊಬ್ಬ ಅಣ್ಣನಿದ್ದ. ಹನ್ನೆರಡು ವರ್ಷದವನು ಎಮ್ಮೆ ಮೈ ತೊಳೆಯಲು ಕೆರೆಗೆ ಹೋದ. ಎಮ್ಮೆ ಮೇಲೆ ಬಂತು, ಅವನು ಬರಲಿಲ್ಲ. ದಡದಲ್ಲಿ ನಮ್ಮ ಕೇರಿಯವರು ಬೇಕಾದಷ್ಟು ಜನ ಇದ್ದರಂತೆ. ಗಟ್ಟಿ ಆಳುಗಳು. ಈಜು ಬರುವವರು ಒಬ್ಬರೂ ಇರಲಿಲ್ಲ. ಎಲ್ಲಿ ಕಲಿಯಬೇಕಿತ್ತು? ಆ ಕಾಲಕ್ಕೆ ಊರಲ್ಲಿದ್ದ ಬಾವಿಗಳಲ್ಲಿ ಒಂದೂ ನಮ್ಮದಲ್ಲ. ಮೆಟ್ಟಿಲಿಳಿಯುವ ಮಾತು ಹಾಗಿರಲಿ, ಬಿಂದಿಗೆ ಇಟ್ಟು ದೂರ ನಿಂತರೆ ಯಾರಾದರೂ ಬಂದು ಹುಯ್ಯಬೇಕು. ಹುಯ್ಯುವವರು ಬರುವ ತನಕ ನಿಲ್ಲಬೇಕು.

ಅಂದಿನಿಂದ ಸುಜಾತಳ ತಾಯಿ ನಿಂಗಮ್ಮ ಮಗಳನ್ನು ಬಕೆಟ್ಟಿಗಿಂತ ದೊಡ್ಡ ನೀರಿನ ಹತ್ತಿರ ಬಿಡಲಿಲ್ಲ. ಮಗನ ಬಗ್ಗೆಯೂ ಮಾತಾಡಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಮ್ಮ ಅತ್ತೆಯ ಬಾಯಲ್ಲಿ ಆ ಕೆರೆಯ ಹೆಸರನ್ನೇ ನಾನು ಕೇಳಿರಲಿಲ್ಲ.

ಹೀಗಿರುವಾಗ ನಾವು ಒಂದಿಷ್ಟು ತೋಟ ಕೊಂಡೆವು. ನನ್ನ ತಂದೆಗೆ ಅದೊಂದು ಆಸೆ ಇತ್ತು. ತೋಟದ ಜೊತೆ ಬಾವಿಯೂ ಬಂತು. ಹಿಂದೆ ಎತ್ತು ಕಟ್ಟಿ ನೀರೆತ್ತುತ್ತಿದ್ದ ಚೌಕಾಕಾರದ ಬಾವಿ. ಮೂರು ಕಡೆ ಕಲ್ಲಿನ ಗೋಡೆ, ಮೂಡಲ ಕಡೆ ಮಾತ್ರ ಮೆಟ್ಟಿಲು. ಬಾವಿ ಸಿಕ್ಕಿದ್ದಕ್ಕೆ ನನಗೆ ಹೆಮ್ಮೆ. ಹತ್ತು ವರ್ಷದ ಮಗಳು ಮೈತ್ರಿಗೆ ಹುಚ್ಚು. ಹೋದಾಗಲೆಲ್ಲ ಬಗ್ಗಿ ನೋಡುವುದು, ಕಲ್ಲು ಹಾಕುವುದು, “ನಂಗೆ ಯಾವಾಗ ಕಲಿಸ್ತೀರಾ?” ಎಂದು ಪೀಡಿಸುವುದು. ಕಲಿಸುವವರು ಯಾರು? ನನಗೆ ಬರುವುದಿಲ್ಲ. ಅವಳಮ್ಮ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಅತ್ತೆ ಬಂದು ಒಂದು ಸಲ ನೋಡಿದರು. ಮೊಮ್ಮಗಳ ಜಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನೋಡಿದರು.

“ಇದುನ್ನ ಮುಚ್ಚುಸ್ಬುಡಿ,” ಎಂದರು. “ನೀರು ನಮ್ಗೆ ಆಗ್ಬರಾಕಿಲ್ಲ.”

ಅರಸೀಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಜಾಲರಿಗೆ ಹೇಳಿದ್ದಾಯಿತು. ಅಳತೆ ಕೊಟ್ಟು ಬಂದ ಸಂಜೆ ಸುಜಾತ ಅನ್ನ ಬಡಿಸುತ್ತಾ, ಬೇರೇನೋ ಹೇಳುವವಳಂತೆ ಹೇಳಿದಳು:

“ಈ ಬೇಸಿಗೆ ರಜ ಮುಗಿಯೋ ತನಕ ಜಾಲರಿ ಹಾಕಿಸಬೇಡಿ. ಅಷ್ಟರಲ್ಲಿ ನಾನು ಈಜು ಕಲಿತರೆ ಮೈತ್ರಿನೂ ಕಲೀತಾಳೆ. ಕಲೀಲಿಲ್ಲ ಅಂದ್ರೆ ಅಮ್ಮ ಹೇಳಿದ ಹಾಗೇ ಮುಚ್ಚಿಸಿ. ಆಮೇಲೆ ಆ ಮಾತು ಎತ್ತಲ್ಲ.”

“ನಿನಗೆ ನಲವತ್ತೊಂದು ವರ್ಷ,” ಎಂದೆ.

“ಅದಕ್ಕೇ. ನನ್ನ ಭಯ ನನಗೆ ಸಾಕಾಗಿದೆ. ಅವಳಿಗೂ ಇದನ್ನೇ ಕೊಟ್ಟು ಹೋಗಬೇಕಾ?”

ಪಕ್ಕದ ತೋಟದ ಪುಟ್ಟತಾಯಮ್ಮ ಅರವತ್ತು ದಾಟಿದ ಗೌಡತಿ. ಹುಡುಗಿಯಾಗಿದ್ದಾಗ ಸೀರೆಗೆ ಕಚ್ಚೆ ಹಾಕಿಕೊಂಡು ಅಪ್ಪನ ಬಾವಿಯಲ್ಲಿ ಅಣ್ಣತಮ್ಮಂದಿರನ್ನು ಸೋಲಿಸುತ್ತಿದ್ದರಂತೆ. ಮಂಡಿ ನೋವು ಬಂದ ಮೇಲೆ ನೀರಿಗಿಳಿಯುವುದನ್ನು ಬಿಟ್ಟಿದ್ದರು. ಬಾಯಿ ಮಾತ್ರ ಹಾಗೇ ಜೋರಾಗಿತ್ತು. ಸುಜಾತ ಹೋಗಿ ಕೇಳಿದಾಗ ಒಂದೇ ಪ್ರಶ್ನೆ ಹಾಕಿದರು.

“ಅಳ್ತೀಯಾ?”

“ಅಳಬಹುದು.”

“ಅತ್ರೆ ಅಳು. ನೀರಲ್ಲಿ ಯಾರ್ಗೂ ಕಾಣಾಕಿಲ್ಲ. ಎರಡು ಕಾಯಿ ತತ್ತಾ.”

ನಮ್ಮ ತೆಂಗಿನ ಸೀಮೆಯಲ್ಲಿ ಈಜು ಕಲಿಸುವ ಕ್ರಮ ನಿಮಗೆ ಗೊತ್ತಿರಬಹುದು. ಸಿಪ್ಪೆ ಸುಲಿಯದ ಎರಡು ತೆಂಗಿನಕಾಯಿ. ಒಂದೊಂದರ ಸಿಪ್ಪೆಯಿಂದ ಒಂದು ನಾರಿನ ಪಟ್ಟಿ ಎಬ್ಬಿಸಿ, ಆ ಎರಡನ್ನೂ ಗಂಟು ಹಾಕಿ ಜೋಡಿ ಮಾಡುವುದು. ಆ ಗಂಟಿನ ಮೇಲೆ ಎದೆಯಿಟ್ಟು ಮಲಗಿದರೆ ಆ ಕಡೆಗೊಂದು ಈ ಕಡೆಗೊಂದು ಕಾಯಿ ತೇಲಿಸುತ್ತವೆ. ಕಾಲು ಬಡಿಯಬೇಕು. ಅಷ್ಟೇ ಪಾಠ.

ಕಾಯಿ ಆರಿಸುವ ಜವಾಬ್ದಾರಿ ನಾನು ವಹಿಸಿಕೊಂಡೆ. ಅರಸೀಕೆರೆ ಸಂತೆಯಲ್ಲಿ ಕಾಯಿ ಆರಿಸಿ ಪಳಗಿದ ಕೈ ಇದು. ಎತ್ತಿ ತೂಗಿ, ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ತುಂಬಿದ, ಭಾರವಾದ ಎರಡನ್ನು ತಂದೆ. ಪುಟ್ಟತಾಯಮ್ಮ ಕೈಗೆ ತೆಗೆದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಸಾಹೇಬ್ರೆ, ಇವೇನು ಮದ್ವೆ ಮನೆಗಾ? ಇವು ತಮ್ನ ತಾವೇ ಹೊತ್ಕಳಾಕಿಲ್ಲ, ಟೀಚರಮ್ಮನ್ನ ಹೊರ್ತಾವಾ?”

ತಮ್ಮ ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ್ದ ಕಾಯಿಗಳಲ್ಲಿ ಎರಡನ್ನು ತರಿಸಿದರು. ತಿಂಗಳುಗಟ್ಟಲೆ ಬಿಸಿಗೆ, ಹೊಗೆಗೆ ಒಣಗಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗುಂಡು ಲೊಟಲೊಟ ಎನ್ನುವ ಕಾಯಿಗಳು. ಹೂವಿನಷ್ಟು ಹಗುರ. ತಿನ್ನುವುದಕ್ಕೆ ಆರಿಸುವ ಕಣ್ಣು ತೇಲುವುದಕ್ಕೆ ಆರಿಸಲಾರದು ಎಂದು ಅಂದು ಗೊತ್ತಾಯಿತು.

ಸುಜಾತ ನನ್ನ ಹಳೆಯ ಪ್ಯಾಂಟು, ಮೇಲೆ ತುಂಬು ತೋಳಿನ ಶರಟು ಹಾಕಿಕೊಂಡಳು. ಸೊಂಟಕ್ಕೆ ಒಂದು ಹಗ್ಗ. ಅದರ ತುದಿ ಕೊನೆಯ ಒಣ ಮೆಟ್ಟಿಲ ಮೇಲೆ ಕೂತ ಪುಟ್ಟತಾಯಮ್ಮನ ಕೈಯಲ್ಲಿ. ಮೊದಲ ದಿನ ಅವಳು ಪಾದ ಮುಳುಗುವವರೆಗೆ ಇಳಿದಳು, ಅಲ್ಲೇ ಗೋಡೆ ಹಿಡಿದು ನಿಂತಳು, ವಾಪಸ್ ಬಂದಳು. ಪುಟ್ಟತಾಯಮ್ಮ “ನಾಳಿಕ್ಕೆ ಮಂಡಿ,” ಎಂದರು. ಮರುದಿನ ಮಂಡಿ. ಆಮೇಲೆ ಸೊಂಟ. ಸೊಂಟದ ನೀರಿನಲ್ಲಿ ಮುಖ ಅದ್ದುವುದಕ್ಕೆ ಅವಳಿಗೆ ಅನೇಕ ದಿನ ಬೇಕಾಯಿತು. ದಿನಾ ಹೋಗುವಾಗ ಬಸ್ಸಿನಲ್ಲಿ ಮುಖ ಬಿಳಿಚಿರುತ್ತಿತ್ತು. ಬರುವಾಗ ಸೀಟಿಗೊರಗಿ ನಿದ್ದೆ ಹೋಗಿರುತ್ತಿದ್ದಳು.

“ಭಯ ಕಡಿಮೆ ಆಯ್ತಾ?” ಎಂದು ಒಮ್ಮೆ ಕೇಳಿದೆ.

“ಇಲ್ಲ. ಅದು ಅಷ್ಟೇ ಇದೆ. ಅದರ ಜೊತೆ ಇಳಿಯೋದು ಅಭ್ಯಾಸ ಆಗ್ತಿದೆ.”

ಟ್ರೈನಿಂಗಿನಲ್ಲಿ ಇಡೀ ದಿನ ಕೂತರೂ ನನಗೆ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಲಿಲ್ಲ.

ಅತ್ತ ನಿಂಗಮ್ಮ ಶನಿವಾರ ಮಾಲೇಕಲ್ಲು ಬೆಟ್ಟ ಹತ್ತಿ, ಮಗಳು ಈ ಬುದ್ಧಿ ಬಿಡಲಿ ಎಂದು ತಿಮ್ಮಪ್ಪನಿಗೆ ಹರಕೆ ಹೊತ್ತು ಬಂದರು. (ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನಿದ್ದಾನೆ. ಅತ್ತೆ ಇಬ್ಬರಿಗೂ ಬೇಸರ ಮಾಡುವವರಲ್ಲ.) ಮೈತ್ರಿಯನ್ನು ನೋಡಿಕೊಳ್ಳುವ ನೆಪದಲ್ಲಿ ತೋಟಕ್ಕೂ ಬರತೊಡಗಿದರು. ಬಾವಿಯ ದಂಡೆಯ ಮೇಲೆ ನಿಲ್ಲುವರು, ಒಂದು ಮೆಟ್ಟಿಲೂ ಇಳಿಯರು. ಪುಟ್ಟತಾಯಮ್ಮ “ನೆಳ್ಳಿಗೆ ಬಾರವ್ವ, ಕಲ್ಲು ಐತೆ ಕೂತ್ಕ,” ಎಂದರೆ “ಇಲ್ಲೇ ಇರ್ಲಿ ಬುಡಿ” ಎನ್ನುವರು. ಕೈಯಲ್ಲಿ ಮೊಮ್ಮಗಳ ಜಡೆ.

ಶಾಲೆ ಶುರುವಾಗಲು ಕೆಲವೇ ದಿನ ಉಳಿದಿತ್ತು. ಸುಜಾತ ಕಾಯಿಗಳ ಮೇಲೆ ಮಲಗಿ ಮೆಟ್ಟಿಲ ಆಸುಪಾಸು ಕಾಲು ಬಡಿಯುತ್ತಿದ್ದಳು, ನಡುಬಾವಿಗೆ ಹೋಗಿರಲಿಲ್ಲ. ಜಾಲರಿ ತಯಾರಾಗಿದೆ, ಒಯ್ಯಿರಿ ಎಂದು ವೆಲ್ಡಿಂಗಿನವನು ಎರಡು ಸಲ ಹೇಳಿ ಕಳಿಸಿದ್ದ. ಆ ಭಾನುವಾರ ಪುಟ್ಟತಾಯಮ್ಮ ಹಗ್ಗದ ಸುರುಳಿ ಬಿಚ್ಚಿ ಉದ್ದ ಬಿಟ್ಟರು.

“ಇವತ್ತು ಎದುರುಗ್ವಾಡೆ ಮುಟ್ಟಿ ಬಾ.”

ಸುಜಾತ ಹೊರಟಳು. ಕಾಯಿ ಎದೆಯ ಕೆಳಗೆ, ಗಲ್ಲ ಮೇಲೆ, ಕಾಲು ಬಡಿತ ಸಮವಾಗಿತ್ತು. ನಡುವಿಗೆ ತಲುಪಿದಳು. ಅಲ್ಲಿ ನಾರಿನ ಗಂಟು ಕಿತ್ತಿತು. ದಿನಾ ನೆನೆದು ದಿನಾ ಒಣಗಿದ ನಾರು. ಸದ್ದೇನೂ ಆಗಲಿಲ್ಲ. ಒಂದು ಕಾಯಿ ಎಡಕ್ಕೆ, ಒಂದು ಬಲಕ್ಕೆ ಜಾರಿದ್ದು ಕಂಡಿತು. ನಡುವೆ ಯಾರೂ ಇರಲಿಲ್ಲ. ನೀರಿನ ಮೇಲೆ ಅವಳ ಕೂದಲು ಒಂದು ಕ್ಷಣ ಹರಡಿತು, ಅದೂ ಹೋಯಿತು.

ನಾನು “ಎಳೀರಿ” ಎಂದು ಕೂಗಿದೆ. ಮತ್ತೆ ಕೂಗಿದೆ. ಮೇಲಿನಿಂದ ಅತ್ತೆಯ ಸದ್ದು ಬಂತು. ಅದು ಮಾತಲ್ಲ. ಅಂಥದ್ದನ್ನು ನಾನು ಮೊದಲು ಕೇಳಿರಲಿಲ್ಲ, ಮತ್ತೆ ಕೇಳುವುದೂ ಬೇಡ.

ಪುಟ್ಟತಾಯಮ್ಮ ಎಳೆಯಲಿಲ್ಲ.

ಅವರ ಕೈಯನ್ನು ನಾನು ನೋಡಿದೆ. ಹಗ್ಗ ಅಂಗೈ ಮೇಲೆ ಮಲಗಿತ್ತು. ಹೆಬ್ಬೆರಳು ಅದರ ಮೇಲೆ, ನಾಡಿ ನೋಡುವವರ ಹಾಗೆ.

“ತಾಳಿ ಸಾಹೇಬ್ರೆ,” ಎಂದರು. ಕಣ್ಣು ನೀರಿನ ಮೇಲೇ ಇತ್ತು. “ಕಾಲು ಬಡೀತಾವ್ಳೆ. ಹಗ್ಗದಾಗೆ ಗೊತ್ತಾಯ್ತದೆ. ಬಡಿಯಾದು ನಿಂತ್ರೆ ಎಳೀತೀನಿ.”

ನಾನು ಹಗ್ಗಕ್ಕೆ ಕೈ ಹಾಕಿದೆ. ಅವರು ಮೊಣಕೈಯಲ್ಲಿ ನನ್ನನ್ನು ಪಕ್ಕಕ್ಕೆ ತಳ್ಳಿದರು.

ತಲೆ ಮೇಲೆ ಬಂತು. ಕೆಮ್ಮು, ಬಾಯ್ತುಂಬ ನೀರು, ಮತ್ತೆ ಕೆಳಗೆ. ಮತ್ತೆ ಮೇಲೆ. ಈ ಸಲ ಎರಡೂ ಕೈ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದವು. ಅವಳು ನಮ್ಮ ಕಡೆ ತಿರುಗಲಿಲ್ಲ. ಹೋಗುತ್ತಿದ್ದ ಕಡೆಗೇ ಹೋದಳು. ಬಿಸಿಲು ಬಿದ್ದಿದ್ದ ಆ ಗೋಡೆಯಲ್ಲಿ ಮುಂದಕ್ಕೆ ಚಾಚಿದ್ದ ಒಂದು ಕಲ್ಲು ಇತ್ತು. ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೆನ್ನೆಯನ್ನು ಕಲ್ಲಿಗೆ ಒತ್ತಿದಳು. ಅವಳ ಬೆನ್ನು ಏರಿಳಿಯುತ್ತಿತ್ತು.

ಉಸಿರು ಹಿಡಿತಕ್ಕೆ ಬಂದ ಮೇಲೆ ಅಲ್ಲಿಂದಲೇ ಕೇಳಿದಳು:

“ಕಾಯಿ ಎಲ್ಲಿ?”

“ಅವು ತೇಲ್ತಾ ಅವೆ,” ಎಂದರು ಪುಟ್ಟತಾಯಮ್ಮ. “ನೀನೂ ತೇಲ್ದೆ. ಬಾ ಇತ್ಲಾಗೆ.”

“ಕಾಯಿ ಇಲ್ದೆ ಬರೋಕೆ ನನಗೆ ಬರಲ್ಲ.”

“ಅರ್ಧ ದಾರಿ ಇಲ್ದೇನೇ ಓದೆಯಲ್ಲವ್ವ. ಯಾರು ಹೊತ್ಕಂಡು ಓದ್ರು?”

ಒಂದು ಕಾಯಿ ತೇಲುತ್ತಾ ಮೆಟ್ಟಿಲ ಹತ್ತಿರ ಬಂದಿತ್ತು. ಬಗ್ಗಿ ಎತ್ತಿಕೊಂಡೆ. “ಎಸೀತೀನಿ, ಹಿಡ್ಕೊ,” ಎಂದು ಕೈ ಹಿಂದಕ್ಕೆ ತಂದೆ.

ಸುಜಾತ ತಲೆ ತಿರುಗಿಸಿದಳು. ಕಣ್ಣು ಕೆಂಪಗಿತ್ತು, ಮೂಗಿನಿಂದ ನೀರು ಇಳಿಯುತ್ತಿತ್ತು. ನನ್ನನ್ನು ನೋಡಿದಳು, ಕಾಯಿಯನ್ನು ನೋಡಿದಳು, ಆಮೇಲೆ ಮೇಲೆ ದಂಡೆಯ ಕಡೆ ನೋಡಿದಳು.

“ಬೇಡ. ಎಸೀಬೇಡಿ,” ಎಂದಳು. “ಅಮ್ಮ, ಮುಖ ತಿರುಗಿಸ್ಕೊಬೇಡ. ನೋಡ್ತಾ ಇರು.”

ನಾನು ಹೇಳಬೇಕಾಗಿರುವುದು ಇದನ್ನೇ. ಆ ಕಡೆಗೆ ಹೋದದ್ದು ಆಕಸ್ಮಿಕ. ಗಂಟು ಕಿತ್ತಿತು, ಬೇರೆ ದಾರಿ ಇರಲಿಲ್ಲ, ಹೋದಳು. ಈ ಕಡೆಗೆ ಬಂದದ್ದು ಹಾಗಲ್ಲ. ಕಾಯಿ ನನ್ನ ಕೈಯಲ್ಲಿತ್ತು. ಕೇಳಿದ್ದರೆ ಸಿಗುತ್ತಿತ್ತು. ಅವಳು ಕೇಳಲಿಲ್ಲ.

ಕಲ್ಲು ಬಿಟ್ಟಳು. ಚೆಂದದ ಈಜಲ್ಲ ಅದು. ನಾಯಿ ಈಜು ಎನ್ನುತ್ತೇವಲ್ಲ, ಅದು. ಬಾಯಿ ಬಿಗಿ ಹಿಡಿದು, ಕತ್ತು ಎತ್ತಿ, ನೀರು ಚೆಲ್ಲಾಡಿ, ಶರಟು ಬೆನ್ನ ಮೇಲೆ ಗಾಳಿ ತುಂಬಿ ಉಬ್ಬಿಕೊಂಡು. ನಡುವೆ ಒಮ್ಮೆ ಗಲ್ಲ ಮುಳುಗಿತು. ಹಗ್ಗ ಅವಳ ಹಿಂದೆ ಸಡಿಲವಾಗಿ ಬರುತ್ತಿತ್ತು. ಪುಟ್ಟತಾಯಮ್ಮ ಅದನ್ನು ಸುಮ್ಮನೆ ಸುತ್ತಿಕೊಳ್ಳುತ್ತಿದ್ದರು, ಎಳೆಯುತ್ತಿರಲಿಲ್ಲ. ಅವಳ ಕೈ ಮೆಟ್ಟಿಲಿಗೆ ತಾಗಿದಾಗ ನಾನು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟೆ.

“ಉಸ್ರು ತಕ್ಕೊ,” ಎಂದರು ಪುಟ್ಟತಾಯಮ್ಮ. “ಇನ್ನೊಂದು ದಪ ಓಗ್ಬಾ. ಇಲ್ದಿದ್ರೆ ರಾತ್ರಿಗೆ ಭಯ ಬತ್ತದೆ.”

ಸುಜಾತ ನಕ್ಕಳು. ಕೆಮ್ಮಿದಳು. ಹೋದಳು. ಬಂದಳು. ಮೂರನೆಯ ಸಲ ಯಾರೂ ಹೇಳಲಿಲ್ಲ, ತಾನೇ ಹೋದಳು.

ಆಗ ನನ್ನ ಹಿಂದೆ ಸದ್ದಾಯಿತು. ನಿಂಗಮ್ಮ ಮೆಟ್ಟಿಲಿಳಿಯುತ್ತಿದ್ದರು. ಗೋಡೆ ಹಿಡಿದು, ಒಂದೊಂದಕ್ಕೂ ಎರಡೂ ಕಾಲು ಇಟ್ಟು. ಅಷ್ಟು ವಯಸ್ಸಿಗೆ ಅವರು ಇಳಿದ ಮೊದಲ ಬಾವಿ ಅದು. ಮೈತ್ರಿ ಅವರ ಹಿಂದೆ ಇದ್ದಳು. ಜಡೆಯನ್ನು ಯಾರೂ ಹಿಡಿದಿರಲಿಲ್ಲ. ಪುಟ್ಟತಾಯಮ್ಮ ಕಲ್ಲಿನ ಮೇಲೆ ಜರುಗಿ ಜಾಗ ಮಾಡಿದರು. ನಿಂಗಮ್ಮ ಪಕ್ಕದಲ್ಲಿ ಕೂತು, ಸೀರೆಯನ್ನು ಒಂದಿಷ್ಟು ಎತ್ತಿ, ಎರಡೂ ಪಾದಗಳನ್ನು ನೀರಿಗೆ ಬಿಟ್ಟರು.

“ತಣ್ಗೈತೆ,” ಎಂದರು.

ಆಮೇಲೆ, ನೀರನ್ನೇ ನೋಡುತ್ತಾ: “ನನ್ ಮಗುಂಗೆ ಯಾರಾರ ಎಲ್ಡು ಕಾಯಿ ಕಟ್ಟಿದ್ರೆ ಸಾಕಿತ್ತು.”

ಎಂದೂ ಬಾಯಿ ಸೋಲದ ಪುಟ್ಟತಾಯಮ್ಮ ಹಗ್ಗದ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದರು. ಮಾತಾಡಿದ್ದು ನಿಂಗಮ್ಮನೇ.

“ನಾಳಿಂದ ಈ ಮೊಗೀಗೂ ಕಟ್ಟವ್ವ. ಹೊಸ ನಾರು ಹಾಕು.”

ಜಾಲರಿಯನ್ನು ತಂದೆವು. ಹೇಳಿ ಮಾಡಿಸಿದ್ದನ್ನು ಬಿಡಲಾಗುತ್ತದೆಯೇ? ಅದರ ಮೇಲೆ ಈಗ ಅವರೆ ಬಳ್ಳಿ ಹಬ್ಬಿದೆ. ಮೈತ್ರಿ ಆ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮನನ್ನು ಹಿಂದೆ ಹಾಕಿದಳು. ಸುಜಾತ ಮರುವರ್ಷದ ಬೇಸಿಗೆಯಲ್ಲಿ ಶಾಲೆಯ ಹೆಣ್ಣುಮಕ್ಕಳನ್ನು, ಅವರವರ ತಾಯಂದಿರ ಜೊತೆಗೆ, ಬಾವಿಗೆ ಕರೆತಂದಳು. ಪ್ರತಿ ಬೇಸಿಗೆಯೂ ಬರುತ್ತಾರೆ. ಯಾವ ಕೇರಿಯವರು ಎಂದು ಯಾರೂ ಕೇಳುವುದಿಲ್ಲ. ನೀರು ಕುಡಿದು ಕೆಮ್ಮುವಾಗ ಎಲ್ಲರ ಮುಖವೂ ಒಂದೇ ಥರ ಕಾಣುತ್ತದೆ.

ಟ್ರೈನಿಂಗಿನವರು ಕಷ್ಟದಿಂದಲೇ ಜನ ಗಟ್ಟಿಯಾಗುವುದು ಎಂದು ಕೊನೆಗೆ ಒಂದು ಸ್ಲೈಡ್ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಬರಲಿಲ್ಲ. ಎಲ್ಲ ಕಷ್ಟವೂ ಹಾಗೇನು? ಬಿಂದಿಗೆ ಇಟ್ಟು ಬಿಸಿಲಲ್ಲಿ ಕಾಯುತ್ತಾ ನಿಂತ ನಿಂಗಮ್ಮನಿಗೆ ಆ ಕಷ್ಟ ಏನು ಕಲಿಸಿತು? ಕಾಯುವುದನ್ನು ಕಲಿಸಿತು. ಹೆದರುವುದನ್ನು ಕಲಿಸಿತು. ಮಗನನ್ನು ಉಳಿಸುವುದನ್ನು ಕಲಿಸಲಿಲ್ಲ. ಬೇರೆಯವರು ತಲೆಯ ಮೇಲೆ ಹೇರಿದ ಕಷ್ಟವನ್ನು ಹೊಗಳುವುದು, ಹೇರಿದವರಿಗೆ ಹಾರ ಹಾಕಿದಂತೆ.

ಸುಜಾತ ಇಳಿದ ನೀರು ಬೇರೆ. ಅದನ್ನು ಅವಳೇ ಆರಿಸಿಕೊಂಡಿದ್ದಳು. ಇವತ್ತು ಪಾದ, ನಾಳೆ ಮಂಡಿ ಎಂದು ಅದಕ್ಕೊಂದು ಅಳತೆ ಇತ್ತು. ಸೊಂಟದಲ್ಲಿ ಹಗ್ಗವಿತ್ತು. ಹಗ್ಗ ಹಿಡಿದವರಿಗೆ ಯಾವಾಗ ಎಳೆಯಬೇಕೆಂದು ಗೊತ್ತಿತ್ತು, ಅದಕ್ಕಿಂತ ಕಷ್ಟದ್ದು, ಯಾವಾಗ ಎಳೆಯಬಾರದೆಂದೂ ಗೊತ್ತಿತ್ತು. ನಾವು ಮಕ್ಕಳನ್ನು ಬೆಳೆಸುವಾಗ ಏನು ಮಾಡುತ್ತಿದ್ದೇವೆ? ಅರ್ಧ ಜನ ಹಗ್ಗವಿಲ್ಲದೆ ನೂಕುತ್ತೇವೆ. ಉಳಿದರ್ಧ ಪಾದ ನೆನೆಯುವ ಮೊದಲೇ ಎಳೆದುಕೊಳ್ಳುತ್ತೇವೆ. ಅಂದು ಹಗ್ಗ ನನ್ನ ಕೈಯಲ್ಲಿದ್ದಿದ್ದರೆ ನಾನು ಎಳೆಯುತ್ತಿದ್ದೆ. ಸುಜಾತ ಬದುಕುತ್ತಿದ್ದಳು. ಬಾವಿ ಮುಚ್ಚಿಹೋಗುತ್ತಿತ್ತು.

ನೋಡಿದವರ ಹೆಸರು ಹೇಳಿ ಮುಗಿಸುತ್ತೇನೆ. ಬಾವಿಯಲ್ಲಿ ಸುಜಾತ, ಮೆಟ್ಟಿಲ ಮೇಲೆ ಪುಟ್ಟತಾಯಮ್ಮ ಮತ್ತು ನಾನು, ದಂಡೆಯ ಮೇಲೆ ನಿಂಗಮ್ಮ ಮತ್ತು ಮೈತ್ರಿ. ಬೇರೆ ಯಾರೂ ಇರಲಿಲ್ಲ. ಪುಟ್ಟತಾಯಮ್ಮ ಹೋದ ವರ್ಷ ತೀರಿಕೊಂಡರು. ಸುಜಾತ ಶಾಲೆಯಲ್ಲಿ ಸಿಗುತ್ತಾಳೆ. ಮೈತ್ರಿ ಪಿಯುಸಿ ಓದುತ್ತಿದ್ದಾಳೆ, ಅವಳಿಗೆ ಎಲ್ಲವೂ ನೆನಪಿದೆ. ನಿಂಗಮ್ಮ ಗೆಂಡೆಹಳ್ಳಿಯ ಹತ್ತಿರ ತಮ್ಮ ಮನೆಯಲ್ಲಿದ್ದಾರೆ. ಕಿವಿ ಮಂದ, ಕಣ್ಣು ಚುರುಕು. ಮಗನ ವಿಷಯದಿಂದ ಶುರುಮಾಡಿ ಮಗಳು ಮೂರನೆಯ ಸಲ ಈಜಿದ್ದರವರೆಗೆ, ಕೇಳಿದವರಿಗೆಲ್ಲ ಹೇಳುತ್ತಾರೆ.

ಅನುಮಾನವಿದ್ದವರು ಹೋಗಿ ಕೇಳಬಹುದು. ಸಂಜೆಯ ಬಸ್ಸು ತಪ್ಪುತ್ತದೆ, ನೋಡಿಕೊಳ್ಳಿ.